ಕ್ರೀಡಾ ತಂಡದ ಪ್ರಯಾಣ: ವಾಹನ, ವಿಮೆ ಮತ್ತು ಲೆಕ್ಕಪತ್ರ

ಕೈಗಾರಿಕಾ ವಸಾಹತುಗಳಲ್ಲಿಯೂ ವರ್ತಕರ ಸಂಘಗಳಲ್ಲಿಯೂ ಕ್ರೀಡಾ ತಂಡ ಕಟ್ಟುವ ಪದ್ಧತಿ ಹೊಸದಲ್ಲ. ದೀಪಾವಳಿ ಮುಗಿಯುತ್ತಿದ್ದಂತೆಯೇ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳ ಆಹ್ವಾನಗಳು ಬರತೊಡಗುತ್ತವೆ. ಮಾಲೀಕರು ಪ್ರವೇಶ ಶುಲ್ಕ ಕಟ್ಟುತ್ತಾರೆ, ಸಂಸ್ಥೆಯ ಹೆಸರು ಅಚ್ಚು ಹಾಕಿಸಿದ ಸಮವಸ್ತ್ರ ಕೊಡಿಸುತ್ತಾರೆ, ಗೆದ್ದು ಬಂದವರಿಗೆ ಸನ್ಮಾನವನ್ನೂ ಮಾಡುತ್ತಾರೆ. ಆದರೆ ತಂಡವು ಹೋಗಿ ಬರುವ ವ್ಯವಸ್ಥೆ ಮಾತ್ರ ಹೊರಡುವ ಹಿಂದಿನ ದಿನದವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಕೊನೆಗೆ ಕೈಗೆ ಸಿಕ್ಕಿದ ವಾಹನದಲ್ಲಿ ಸಿಕ್ಕಿದಷ್ಟು ಜನರನ್ನು ಕೂರಿಸಿ ಕಳುಹಿಸಲಾಗುತ್ತದೆ.

ಸುಮಾರು 15 ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಇದೇ ರೀತಿ ತಮ್ಮ ಕಾರ್ಖಾನೆಯ ಸರಕು ಟೆಂಪೊದಲ್ಲಿ ಕಬಡ್ಡಿ ತಂಡವನ್ನು ಪಕ್ಕದ ಜಿಲ್ಲೆಗೆ ಕಳುಹಿಸಿದ್ದರು. ಬಾಡಿಗೆ ಬಸ್ಸಿಗೆ ಆಗ ಕೇಳಿದ್ದು ₹9,000. ಮನೆಯಲ್ಲೇ ಟೆಂಪೊ ಇರುವಾಗ ಅಷ್ಟು ಹಣ ಏಕೆಂಬುದು ಅವರ ಲೆಕ್ಕ. ತಂಡ ಗೆದ್ದಿತು. ಮರಳುವಾಗ ರಾತ್ರಿ ಎರಡರ ಸುಮಾರಿಗೆ, ಊರು ಇನ್ನು 30 ಕಿ.ಮೀ. ಇರುವಾಗ, ಟೆಂಪೊ ರಸ್ತೆ ಬದಿಯ ಹಳ್ಳಕ್ಕೆ ಮಗುಚಿತು. ಜೀವಹಾನಿಯಾಗಲಿಲ್ಲ, ಆದರೆ ಇಬ್ಬರಿಗೆ ಮೂಳೆ ಮುರಿಯಿತು, ಅವರಲ್ಲಿ ಒಬ್ಬ ಟರ್ನರ್‌ನ ಬಲಗೈ ಮೊದಲಿನಂತೆ ಆಗಲೇ ಇಲ್ಲ. ವಿಮಾ ಕಂಪನಿಯು ಹೊಣೆಯನ್ನು ನಿರಾಕರಿಸಿತು. ಪರಿಹಾರ, ಬಡ್ಡಿ, ವಕೀಲರ ಶುಲ್ಕ ಎಲ್ಲವೂ ಸೇರಿ 6 ಲಕ್ಷ ರೂಪಾಯಿ ಮೀರಿದ ಹೊರೆ ಮಾಲೀಕರ ಮೇಲೆಯೇ ಬಿದ್ದಿತು. ಅದನ್ನು ತೀರಿಸಲು ಅವರು ಹೊಸದಾಗಿ ಕೊಂಡಿದ್ದ ಲೇತ್ ಯಂತ್ರವನ್ನು ಮಾರಿದರು. ಆ ವರ್ಷದ ಅಂತಿಮ ಲೆಕ್ಕಪತ್ರವನ್ನು ಸಿದ್ಧಪಡಿಸಿದವನು ನಾನೇ.

ಸದಸ್ಯರು ಈ ವಿಷಯವನ್ನು ಕ್ರೀಡೆಯ ವಿಷಯವೆಂದು ಭಾವಿಸದೆ ವ್ಯವಹಾರದ ಒಂದು ಕರಾರೆಂದೇ ಪರಿಗಣಿಸಬೇಕೆಂಬುದು ನನ್ನ ವಿನಂತಿ.

ಸರಕು ವಾಹನ ಏಕೆ ಸಲ್ಲದು

2002ರ ಡಿಸೆಂಬರ್‌ನಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಆಶಾ ರಾಣಿ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರ ವಿಷಯವನ್ನು ಇತ್ಯರ್ಥಪಡಿಸಿತು. ಅಂಥವರಿಗೆ ಸಂಭವಿಸುವ ಸಾವುನೋವುಗಳನ್ನು ಕಡ್ಡಾಯ ವಿಮೆಯು ಒಳಗೊಳ್ಳುವುದಿಲ್ಲ ಎಂಬುದು ಅದರ ಸಾರ. ಸರಕಿನ ಜೊತೆ ಹೋಗುವ ಸರಕಿನ ಮಾಲೀಕ ಅಥವಾ ಆತನ ಪ್ರತಿನಿಧಿಗೆ 1994ರ ತಿದ್ದುಪಡಿಯು ರಕ್ಷಣೆ ನೀಡಿದೆ. ಇದನ್ನು ಕೇಳಿದ ಸದಸ್ಯರೊಬ್ಬರು, "ಹಾಗಾದರೆ ಕಬಡ್ಡಿ ಮ್ಯಾಟ್‌ಗಳನ್ನು ಸರಕೆಂದೂ ಆಟಗಾರರನ್ನು ಅದರ ಪ್ರತಿನಿಧಿಗಳೆಂದೂ ತೋರಿಸೋಣವೇ?" ಎಂದು ನನ್ನನ್ನು ಕೇಳಿದ್ದುಂಟು. ನಾನು ನಕ್ಕು ಸುಮ್ಮನಾದೆ. ನ್ಯಾಯಮಂಡಳಿಯ ಮುಂದೆ ಆ ವಾದವನ್ನು ಹೂಡಲು ಒಪ್ಪುವ ವಕೀಲರು ಸಿಗುವುದು ಕಷ್ಟ.

ಬಿಳಿ ಫಲಕದ ವಾಹನಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ಪರಿಚಯದವರ ಖಾಸಗಿ ವಾಹನವನ್ನು ಹಣ ಕೊಟ್ಟು ಒಯ್ದರೆ ಅದು ಬಾಡಿಗೆ ಬಳಕೆಯಾಗುತ್ತದೆ. ಅಂತಹ ಬಳಕೆಗೆ ಪರವಾನಗಿ ಇರುವುದಿಲ್ಲ, ಪಾಲಿಸಿಯ ಷರತ್ತೂ ಉಲ್ಲಂಘನೆಯಾಗುತ್ತದೆ. ಶಾಲೆಯ ಬಸ್ಸು ರಜಾದಿನದಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಪಡೆಯುವವರೂ ಇದ್ದಾರೆ. ಅದರ ಪರವಾನಗಿ ಶಾಲಾ ಮಕ್ಕಳನ್ನು ಕರೆದೊಯ್ಯುವುದಕ್ಕೆ ಸೀಮಿತವಾಗಿರುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಉಳಿಯುವ ದಾರಿಗಳು ಮೂರು: ಒಪ್ಪಂದದ ಪರವಾನಗಿ ಇರುವ ಹಳದಿ ಫಲಕದ ವಾಹನ, ಸಾರಿಗೆ ಸಂಸ್ಥೆಯು ಸಾಂದರ್ಭಿಕ ಒಪ್ಪಂದದ ಮೇಲೆ ನೀಡುವ ಬಸ್ಸು, ಇಲ್ಲವೇ ರೈಲು. ಖಾಸಗಿ ವಾಹನವನ್ನು ಗೊತ್ತುಪಡಿಸುವ ಮೊದಲು ಅದರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಎಂಪರಿವಾಹನ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ಅರ್ಹತಾ ಪತ್ರ ಹಾಗೂ ವಿಮೆಯ ಅವಧಿಗಳು ತಿಳಿಯುತ್ತವೆ. ಹೊರರಾಜ್ಯಕ್ಕೆ ಹೋಗುವುದಾದರೆ ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ ಎಂದು ನೋಡಬೇಕು. ಪ್ರಯಾಣಿಕರ ಪಟ್ಟಿಯು ವಾಹನದಲ್ಲಿರಬೇಕು, ಮಾರ್ಗಮಧ್ಯದಲ್ಲಿ ಬೇರೆಯವರನ್ನು ಹತ್ತಿಸಿಕೊಳ್ಳುವಂತಿಲ್ಲ. "ಆ ಊರಿನಲ್ಲಿ ನಮ್ಮ ಹುಡುಗರ ನಾಲ್ಕು ಸ್ನೇಹಿತರು ಹತ್ತುತ್ತಾರೆ" ಎಂಬ ಏರ್ಪಾಡಿಗೆ ಇಲ್ಲಿ ಅವಕಾಶವಿಲ್ಲ.

ದಿನದ ಲೆಕ್ಕ, ಕಿಲೋಮೀಟರ್ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಒಂದು ಕೈಗಾರಿಕಾ ವಸಾಹತಿನ ಕಬಡ್ಡಿ ತಂಡವು ಶನಿವಾರ ಮತ್ತು ಭಾನುವಾರಗಳಂದು ಪುಣೆಯಲ್ಲಿ ಆಡಬೇಕಿದೆ. ಆಟಗಾರರು 12 ಜನ. ತರಬೇತುದಾರ, ವ್ಯವಸ್ಥಾಪಕ ಮತ್ತು ಇಬ್ಬರು ಸಹಾಯಕರು ಸೇರಿ 16. ರಸ್ತೆಯ ದೂರ ಸುಮಾರು 430 ಕಿ.ಮೀ. ಹೋಗಿ ಬರುವುದು 860, ಊರೊಳಗಿನ ಓಡಾಟ 60, ಒಟ್ಟು 920 ಕಿ.ಮೀ. ಇಪ್ಪತ್ತು ಆಸನಗಳ ವಾಹನಕ್ಕೆ ಕಿ.ಮೀ.ಗೆ ₹30 ಹಾಗೂ ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದು ದರ ಗೊತ್ತಾಗಿದೆ ಎಂದಿಟ್ಟುಕೊಳ್ಳಿ. (ದರಗಳು ಉದಾಹರಣೆಗೆ ಮಾತ್ರ, ಊರಿಂದೂರಿಗೆ ಭಿನ್ನ.)

ಬಹುತೇಕ ತಂಡಗಳು ಶುಕ್ರವಾರ ಕೆಲಸ ಮುಗಿಸಿ ರಾತ್ರಿ 10 ಗಂಟೆಗೆ ಹೊರಡುತ್ತವೆ. ಭಾನುವಾರ ಅಂತಿಮ ಪಂದ್ಯ ಮುಗಿದೊಡನೆ ರಾತ್ರಿ 9ಕ್ಕೆ ಹೊರಟು ಸೋಮವಾರ ಬೆಳಗಿನ ಜಾವ ಮರಳುತ್ತವೆ. ಇದರಿಂದ ಖರ್ಚು ಉಳಿಯಿತೆಂಬ ಭಾವನೆ ಸಾಮಾನ್ಯ. ಆದರೆ ವಾಹನದವರ ದಿನವು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಶುಕ್ರವಾರದ ಎರಡು ಗಂಟೆಗೂ ಒಂದು ಪೂರ್ಣ ದಿನ, ಸೋಮವಾರದ ಐದು ಗಂಟೆಗೂ ಒಂದು ಪೂರ್ಣ ದಿನ. ಒಟ್ಟು 4 ದಿನ, ಅಂದರೆ 1,200 ಕಿ.ಮೀ.ಗೆ ₹36,000. ಓಡಿದ್ದು 920 ಮಾತ್ರವಾದ್ದರಿಂದ ಓಡದ 280 ಕಿ.ಮೀ.ಗೆ ₹8,400 ಕೊಟ್ಟಂತಾಯಿತು.

ಈಗ ಇದೇ ತಂಡವು ಶುಕ್ರವಾರ ಬೆಳಿಗ್ಗೆ 6ಕ್ಕೆ ಹೊರಟು ಮಧ್ಯಾಹ್ನದ ನಂತರ ತಲುಪಲಿ; ಸೋಮವಾರ ಬೆಳಿಗ್ಗೆ 6ಕ್ಕೆ ಹೊರಟು ಅದೇ ಮಧ್ಯಾಹ್ನ ಮರಳಲಿ. ವಾಹನದ ದಿನಗಳು ಮತ್ತೆ ನಾಲ್ಕೇ! ಬಾಡಿಗೆಯಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ. ಹೆಚ್ಚುವರಿಯಾಗುವುದು ಎರಡು ರಾತ್ರಿಗಳ ವಸತಿ. ಮೂವರಿಗೊಂದರಂತೆ 6 ಕೊಠಡಿ, ಕೊಠಡಿಗೆ ₹1,800 ಎಂದರೆ ರಾತ್ರಿಗೆ ₹10,800, ಶೇ. 5 ಜಿಎಸ್‌ಟಿ ಸೇರಿ ₹11,340. ಎರಡು ರಾತ್ರಿಗೆ ₹22,680. ಶುಕ್ರವಾರದ ಕೆಲಸವೂ ತಪ್ಪುತ್ತದೆ, ನಿಜ. ಆದರೆ ಮೊದಲ ಏರ್ಪಾಡಿನಲ್ಲಿ ಸೋಮವಾರ ಬೆಳಗಿನ ಜಾವ ಮನೆ ಸೇರಿದವರು ಅದೇ ದಿನ ಯಂತ್ರದ ಮುಂದೆ ನಿಲ್ಲುತ್ತಾರೆಂದು ಯಾರೂ ನಿರೀಕ್ಷಿಸಲಾರರು. ನಿಂತರೆ ಅದು ಇನ್ನೊಂದು ಅಪಾಯ. ಶನಿವಾರ ಬೆಳಿಗ್ಗೆ ತಲುಪಿದ ತಂಡಕ್ಕೆ ಸ್ನಾನಕ್ಕೂ ವಿಶ್ರಾಂತಿಗೂ ಹೇಗಿದ್ದರೂ ಕೊಠಡಿ ಬೇಕು, ವಸತಿಗೃಹದವರು ಮಧ್ಯಾಹ್ನಕ್ಕೆ ಮುಂಚಿನ ಪ್ರವೇಶಕ್ಕೆ ಪ್ರತ್ಯೇಕ ಹಣ ಕೇಳುವುದೂ ಉಂಟು. ಹೀಗೆ ₹22,680ರ ಉಳಿತಾಯದಲ್ಲಿ ಒಂದು ಭಾಗ ಅಲ್ಲಿಯೇ ಕರಗುತ್ತದೆ.

ಕಬಡ್ಡಿಯಲ್ಲಿ ತೂಕದ ಪರೀಕ್ಷೆಯೂ ಇದೆ. ಪುರುಷರ ಹಿರಿಯರ ವಿಭಾಗದಲ್ಲಿ ಮಿತಿ 85 ಕಿಲೋ. ಮಿತಿಯ ಅಂಚಿನಲ್ಲಿರುವ ಆಟಗಾರ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ದಾರಿಯ ಢಾಬಾದಲ್ಲಿ ಸಿಕ್ಕಿದ್ದನ್ನು ತಿಂದು ನೇರವಾಗಿ ತಕ್ಕಡಿ ಹತ್ತಿದರೆ ಏನಾಗಬಹುದೆಂದು ಯಾವ ತರಬೇತುದಾರರನ್ನಾದರೂ ಕೇಳಿರಿ.

ಹಣದ ಒತ್ತಡವಿದ್ದು ಒಂದೇ ರಾತ್ರಿಯ ವಸತಿಯನ್ನು ಹೆಚ್ಚುವರಿಯಾಗಿ ಭರಿಸಲು ಸಾಧ್ಯವಿದ್ದರೆ, ಅದನ್ನು ಭಾನುವಾರ ರಾತ್ರಿಗೆ ಮೀಸಲಿಡಿ ಎಂದು ನಾನು ಹೇಳುತ್ತೇನೆ. ಹೋಗುವಾಗ ಎಲ್ಲರಲ್ಲಿಯೂ ಎಚ್ಚರವಿರುತ್ತದೆ. ಮರಳುವಾಗ ಆಟಗಾರರಷ್ಟೇ ಚಾಲಕನೂ ದಣಿದಿರುತ್ತಾನೆ. ಹಗಲಿಡೀ ಮೈದಾನದ ಹೊರಗೆ ಬಿಸಿಲಲ್ಲಿ ಕಾದವನು, ನಡುನಡುವೆ ಊರೊಳಗೆ ವಾಹನ ಓಡಿಸಿದವನು ಆತ. ಚಾಲಕನ ದುಡಿಮೆ ದಿನಕ್ಕೆ 8 ಗಂಟೆ ಎಂಬುದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಬಂದಿರುವ ತತ್ವ. ರಾತ್ರಿ ಪ್ರಯಾಣ ಅನಿವಾರ್ಯವಾದರೆ ಇಬ್ಬರು ಚಾಲಕರು ಬೇಕೆಂದು ಕರಾರಿನಲ್ಲಿಯೇ ಬರೆಸಿ, ಎರಡನೆಯವನ ಬಾಟಾ ಕೊಡಲು ಹಿಂಜರಿಯಬೇಡಿ. ಚಾಲಕನಿಗೆ ಮಲಗಲು ಒಂದು ಹಾಸಿಗೆಯನ್ನು ತಂಡದ ಕೊಠಡಿಗಳ ಲೆಕ್ಕದಲ್ಲಿಯೇ ಸೇರಿಸಬೇಕು. ವಾಹನದೊಳಗೇ ಮಲಗುತ್ತಾನೆ ಬಿಡಿ ಎನ್ನುವುದು ನಮ್ಮಲ್ಲಿ ಬಹಳ ಹಳೆಯ ಅಭ್ಯಾಸ, ಒಳ್ಳೆಯದಲ್ಲ.

ದರವನ್ನು ಮಾತಿನಲ್ಲಿ ಮುಗಿಸದೆ ಒಂದು ಪುಟದ ಕರಾರು ಬರೆಯಿಸಿಕೊಳ್ಳಿ. ಕಿಲೋಮೀಟರ್ ಎಣಿಕೆ ನಿಮ್ಮ ಬಾಗಿಲಿನಿಂದಲೋ ಅವರ ಶೆಡ್ಡಿನಿಂದಲೋ, ಟೋಲ್, ಪಾರ್ಕಿಂಗ್, ಹೊರರಾಜ್ಯದ ತೆರಿಗೆ ಯಾರ ಪಾಲು, ದಾರಿಯಲ್ಲಿ ಕೆಟ್ಟರೆ ಬದಲಿ ವಾಹನ ಎಷ್ಟು ಹೊತ್ತಿನೊಳಗೆ ಎಂಬ ಅಂಶಗಳು ಅದರಲ್ಲಿರಲಿ. ಜಗಳಗಳೆಲ್ಲ ಹುಟ್ಟುವುದು ಇಲ್ಲಿಯೇ.

ರೈಲಿನಲ್ಲಿ ಹೋಗುವುದಾದರೆ

ರೈಲು ಅಗ್ಗ, ಸುರಕ್ಷಿತ, ತೊಡಕಿರುವುದು ಸಮಯದ್ದು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಯಿತು. ಆಹ್ವಾನ ಪತ್ರಿಕೆಯಾದರೋ ಪಂದ್ಯಾವಳಿಗೆ ಮೂರು ನಾಲ್ಕು ವಾರ ಇರುವಾಗ ಕೈಸೇರುತ್ತದೆ, ಅಷ್ಟರಲ್ಲಿ ಆಸನಗಳು ತುಂಬಿರುತ್ತವೆ. ಅಂತರ್ಜಾಲದಲ್ಲಿ ಒಂದು ಟಿಕೆಟ್ಟಿಗೆ 6 ಜನರ ಮಿತಿಯಿರುವುದರಿಂದ 16 ಜನರಿಗೆ ಮೂರು ಟಿಕೆಟ್ ಬೇಕು. ಮೂರರಲ್ಲಿ ಒಂದು ಪೂರ್ಣವಾಗಿ ಕಾಯುವ ಪಟ್ಟಿಯಲ್ಲೇ ಉಳಿದರೆ ಚಾರ್ಟ್ ಸಿದ್ಧವಾದೊಡನೆ ಅದು ತಾನಾಗಿ ರದ್ದಾಗುತ್ತದೆ. ತಂಡದ ಮೂರನೇ ಒಂದು ಭಾಗ ನಿಲ್ದಾಣದಲ್ಲಿ ಉಳಿಯುತ್ತದೆ. ದೊಡ್ಡ ಗುಂಪಿನವರು ಸಂಸ್ಥೆಯ ಪತ್ರದ ಮೇಲೆ ಹೆಸರು, ವಯಸ್ಸುಗಳ ಪಟ್ಟಿಯೊಡನೆ ರೈಲ್ವೆ ವಾಣಿಜ್ಯ ವಿಭಾಗದ ಅಧಿಕಾರಿಗಳಿಗೆ ಅರ್ಜಿ ಸಲ್ಲಿಸಿ ಒಟ್ಟಾಗಿ ಕಾಯ್ದಿರಿಸುವುದೇ ಮೇಲು.

ಹೆಸರು ಬದಲಾವಣೆಯ ವಿಷಯದಲ್ಲಿಯೂ ಎಚ್ಚರ ಬೇಕು. ಮದುವೆಯ ದಿಬ್ಬಣಕ್ಕೂ ವಿದ್ಯಾರ್ಥಿಗಳ ಗುಂಪಿಗೂ ಇರುವ ಸೌಲಭ್ಯವು ಕಾರ್ಖಾನೆಯ ತಂಡಕ್ಕೂ ಸಿಗುವುದೆಂದು ನಂಬಿ, ಗಾಯಗೊಂಡ ಆಟಗಾರನ ಟಿಕೆಟ್ಟಿನಲ್ಲಿ ಬದಲಿ ಆಟಗಾರನನ್ನು ಕಳುಹಿಸಬಾರದು. ಹಿಂದೆ ಕ್ರೀಡಾಪಟುಗಳಿಗೆ ದೊರೆಯುತ್ತಿದ್ದ ದರ ರಿಯಾಯಿತಿಯೂ 2020ರ ಮಾರ್ಚ್‌ನಲ್ಲಿ ಹಿಂತೆಗೆದ ಹಲವು ರಿಯಾಯಿತಿಗಳ ಜೊತೆಗೆ ಹೋಯಿತು. ಹಳೆಯ ಕಡತದಲ್ಲಿರುವ ರಿಯಾಯಿತಿ ನಮೂನೆಯನ್ನು ನೆಚ್ಚಿ ಅಂದಾಜುಪಟ್ಟಿ ತಯಾರಿಸಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ ಮತ್ತು ಪುಣೆಯ ನಡುವೆ ವಂದೇ ಭಾರತ್ ರೈಲು ಆರಂಭವಾಯಿತು. ಇಂತಹ ರೈಲುಗಳು ವಾರದ ಎಲ್ಲ ದಿನವೂ ಓಡುವುದಿಲ್ಲವಾದ್ದರಿಂದ ಮೊದಲು ದಿನಗಳನ್ನು ತಾಳೆ ನೋಡಬೇಕು.

ವಿಮೆ

ನೌಕರನು ಸಂಸ್ಥೆಯ ಪರವಾಗಿ ಆಡಲು ಹೋದಾಗ ಆದ ಗಾಯವು ಉದ್ಯೋಗದ ಅವಧಿಯಲ್ಲಿ, ಉದ್ಯೋಗದ ಕಾರಣದಿಂದ ಆದದ್ದೇ ಎಂಬುದು ಪ್ರತಿ ಪ್ರಕರಣದ ಸಂಗತಿಗಳ ಮೇಲೆ ನಿರ್ಧಾರವಾಗುವ ಪ್ರಶ್ನೆ. ಆ ವಾದವಿವಾದ ಮುಗಿಯಲು ವರ್ಷಗಳು ಹಿಡಿಯುತ್ತವೆ. ಅದಕ್ಕೆ ಕಾಯದೆ, ಹೊರಡುವ ದಿನದಿಂದ ಮರಳುವ ದಿನದವರೆಗೆ ಇಡೀ ತಂಡಕ್ಕೆ ಗುಂಪು ವೈಯಕ್ತಿಕ ಅಪಘಾತ ಪಾಲಿಸಿಯನ್ನು ಮಾಡಿಸಿರಿ. ಬದಲಿ ಆಟಗಾರರ ಹೆಸರುಗಳೂ ಪಟ್ಟಿಯಲ್ಲಿರಲಿ. ಪಾಲಿಸಿಯ ಹೊರಗಿಡುವಿಕೆಗಳ ಪುಟವನ್ನು ಓದದೆ ಕಂತು ಕಟ್ಟಬಾರದು. ಪಂದ್ಯದಲ್ಲಿ ಭಾಗವಹಿಸುವಾಗ ಆಗುವ ಗಾಯವನ್ನೇ ಹೊರಗಿಟ್ಟಿದ್ದರೆ ಕಬಡ್ಡಿ ತಂಡಕ್ಕೆ ಅದರಿಂದ ಅರ್ಧ ಪ್ರಯೋಜನ ಮಾತ್ರ. ಪ್ರತಿಯೊಬ್ಬರ ರಕ್ತದ ಗುಂಪು, ಮನೆಯವರ ದೂರವಾಣಿ, ಗುರುತಿನ ಚೀಟಿಯ ಪ್ರತಿ ಇವುಗಳ ಒಂದು ಸಂಪುಟ ವ್ಯವಸ್ಥಾಪಕರ ಬಳಿ, ಇನ್ನೊಂದು ಕಚೇರಿಯಲ್ಲಿ ಇರಬೇಕು. ಮಹಿಳಾ ತಂಡವಾದರೆ ಮಹಿಳಾ ವ್ಯವಸ್ಥಾಪಕಿ ಇಲ್ಲದೆ ಕಳುಹಿಸತಕ್ಕದ್ದಲ್ಲ.

ತೆರಿಗೆಯ ಅಂಶಗಳು

2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರೂಪುಗೊಂಡಿದ್ದು, ಕಲಮುಗಳ ಸಂಖ್ಯೆಗಳು ಬದಲಾಗಿವೆ. ಆದ್ದರಿಂದ ಇಲ್ಲಿ ಸಂಖ್ಯೆಗಳನ್ನು ಬಿಟ್ಟು ತತ್ವಗಳನ್ನಷ್ಟೇ ಹೇಳುತ್ತೇನೆ.

ತಂಡದ ವೆಚ್ಚವು ವ್ಯವಹಾರದ ವೆಚ್ಚವೆಂದು ಮಾನ್ಯವಾಗಲು ಅದು ಸಂಪೂರ್ಣವಾಗಿ ವ್ಯವಹಾರದ ಉದ್ದೇಶಕ್ಕೇ ಆಗಿರಬೇಕು. ಪ್ರಚಾರವೆಂದೋ ನೌಕರರ ಕಲ್ಯಾಣವೆಂದೋ ತೋರಿಸುವ ದಾಖಲೆ ನಮ್ಮಲ್ಲಿರಬೇಕು: ಆಹ್ವಾನ ಪತ್ರ, ಸಂಸ್ಥೆಯ ಹೆಸರಿರುವ ಸಮವಸ್ತ್ರದ ಛಾಯಾಚಿತ್ರ, ಆಟಗಾರರು ನಮ್ಮ ನೌಕರರೆಂಬ ಪಟ್ಟಿ. ಮಾಲೀಕರ ಮಗನೂ ಆತನ ಸಹಪಾಠಿಗಳೂ ಇರುವ ತಂಡಕ್ಕೆ ಈ ವಾದ ನಿಲ್ಲುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ನೌಕರರ ಕ್ರೀಡಾ ಸಂಘಕ್ಕೆ ಇಡುಗಂಟನ್ನು ವಂತಿಗೆಯಾಗಿ ಕೊಟ್ಟರೆ, ಮಾಲೀಕರು ಸಂಘ, ಟ್ರಸ್ಟುಗಳಿಗೆ ಕೊಡುವ ವಂತಿಗೆಗಳನ್ನು ತಡೆಯುವ ನಿಯಮದಡಿ ಆಕ್ಷೇಪಣೆ ಬರುವ ಸಂಭವವುಂಟು. ಅದೇ ಹಣವನ್ನು ಬಸ್ಸಿನವರಿಗೂ ವಸತಿಗೃಹದವರಿಗೂ ಬಿಲ್ಲಿನ ಮೇಲೆ ನೇರವಾಗಿ ಪಾವತಿಸಿದರೆ ಆ ತೊಡಕು ಇರುವುದಿಲ್ಲ.

ನಗದು ಪಾವತಿಯಲ್ಲಿ ಆಗುವ ತಪ್ಪು ಬಹಳ ಸಾಮಾನ್ಯ. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ₹10,000 ಮೀರಿ ನಗದಾಗಿ ಕೊಟ್ಟರೆ ಆ ವೆಚ್ಚ ಅಮಾನ್ಯವಾಗುತ್ತದೆ. ಸಾರಿಗೆಗೆ ₹35,000ದ ವರೆಗೆ ಅವಕಾಶವಿದೆಯಲ್ಲ ಎಂದು ಅನೇಕರು ಕೇಳುತ್ತಾರೆ; ಆ ಅವಕಾಶವಿರುವುದು ಸರಕು ವಾಹನಗಳಿಗೆ ಮಾತ್ರ, ಬಸ್ಸಿಗಲ್ಲ. ಮೂಲದಲ್ಲಿ ತೆರಿಗೆ ಕಡಿತದ ವಿಷಯದಲ್ಲಿಯೂ ಹೀಗೆಯೇ. ಹತ್ತು ವಾಹನಗಳವರೆಗೆ ಹೊಂದಿರುವವರು ಪ್ಯಾನ್ ಸಹಿತ ಘೋಷಣೆ ಕೊಟ್ಟರೆ ಕಡಿತವಿಲ್ಲ ಎಂಬುದು ಸರಕು ಸಾಗಣೆದಾರರಿಗೆ ಸಂಬಂಧಿಸಿದ್ದು. ಬಸ್ಸಿನ ಮಾಲೀಕರು ಅದೇ ಘೋಷಣೆಯನ್ನು ನೀಡಿದರೆ ಸ್ವೀಕರಿಸಬೇಡಿ. ಒಂದು ಕರಾರಿನ ಮೊತ್ತ ₹30,000 ಅಥವಾ ವರ್ಷದ ಒಟ್ಟು ₹1 ಲಕ್ಷ ಮೀರಿದರೆ ವ್ಯಕ್ತಿಗಳಿಗೆ ಶೇ. 1, ಇತರರಿಗೆ ಶೇ. 2 ಕಡಿತ ಮಾಡಬೇಕು. ನಮ್ಮ ಉದಾಹರಣೆಯ ₹36,000ಕ್ಕೆ ವ್ಯಕ್ತಿಯಾದರೆ ₹360. ಕಂಪನಿ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಇದು ಸದಾ ಅನ್ವಯ. ಏಕವ್ಯಕ್ತಿ ವ್ಯಾಪಾರಿಗೆ, ಹಿಂದಿನ ವರ್ಷದ ವಹಿವಾಟು ₹1 ಕೋಟಿ ಮೀರಿದ್ದರೆ.

ಜಿಎಸ್‌ಟಿಯಲ್ಲಿ ಆಸನಗಳ ಸಂಖ್ಯೆಯೇ ನಿರ್ಣಾಯಕ. ಚಾಲಕನೂ ಸೇರಿ 13 ಆಸನಗಳವರೆಗಿನ ವಾಹನದ ಬಾಡಿಗೆಯ ಮೇಲಣ ಹೂಡುವಳಿ ತೆರಿಗೆ ಜಮೆ ನಮಗೆ ದೊರೆಯುವುದಿಲ್ಲ. ಅದಕ್ಕಿಂತ ದೊಡ್ಡ ವಾಹನವಾದರೆ, ವ್ಯವಹಾರದ ಉದ್ದೇಶ ಸಿದ್ಧವಾದಲ್ಲಿ, ಈ ತಡೆ ಇಲ್ಲ. 12 ಜನರ ಟೆಂಪೊ ಟ್ರಾವೆಲರ್‌ಗೂ 17 ಜನರದ್ದಕ್ಕೂ ಇರುವ ಅಂತರ ಬರಿಯ ಐದು ಆಸನಗಳದ್ದಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಇನ್ನೊಂದನ್ನು ಗಮನಿಸಬೇಕು. ಇಂಧನವೂ ಸೇರಿದ ಬಾಡಿಗೆಗೆ, ಕಂಪನಿಯಲ್ಲದ ವಾಹನ ಮಾಲೀಕರಿಂದ ವಾಹನ ಪಡೆದು ಅವರು ಪೂರ್ಣ ದರದ ತೆರಿಗೆ ವಿಧಿಸದಿದ್ದಲ್ಲಿ, 2019ರ ಅಕ್ಟೋಬರ್ 1ರಿಂದ ಶೇ. 5 ತೆರಿಗೆಯನ್ನು ಪಡೆದವರೇ ಪ್ರತಿಗಾಮಿಯಾಗಿ ಕಟ್ಟಬೇಕಿದೆ. ₹36,000ಕ್ಕೆ ₹1,800. ಪಾಲುದಾರಿಕೆ ಸಂಸ್ಥೆಗೂ ಏಕವ್ಯಕ್ತಿ ವ್ಯಾಪಾರಿಗೂ ಈ ಹೊಣೆ ಇಲ್ಲ. ಊಟೋಪಚಾರದ ತೆರಿಗೆಗೆ ಜಮೆ ಇಲ್ಲ. ಪುಣೆಯ ವಸತಿಗೃಹವು ಮಹಾರಾಷ್ಟ್ರದ ರಾಜ್ಯ ತೆರಿಗೆಯನ್ನು ವಿಧಿಸುವುದರಿಂದ ಕರ್ನಾಟಕದ ನೋಂದಣಿಯಲ್ಲಿ ಅದು ಬಳಕೆಗೆ ಬಾರದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಕೊಠಡಿಗಳಿಗೆ ದರವು ಜಮೆಯಿಲ್ಲದ ಶೇ. 5 ಆಗಿರುವುದರಿಂದ ಈ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವೂ ಉಳಿದಿಲ್ಲ.

ವ್ಯವಸ್ಥಾಪಕ ಮತ್ತು ಮುಂಗಡ

ತಂಡದ ವ್ಯವಸ್ಥಾಪಕನು ಆಟಗಾರನಾಗಿರಬಾರದು. ಮೈದಾನದಲ್ಲಿ ರೈಡ್ ಹೋಗುವವನ ಪ್ಯಾಂಟಿನ ಜೇಬಿನಲ್ಲಿ ತಂಡದ ಹಣವಿದ್ದ ಸಂದರ್ಭವನ್ನು ನಾನು ಕಂಡಿದ್ದೇನೆ. ಪ್ಯಾಂಟು ಡ್ರೆಸ್ಸಿಂಗ್ ಕೋಣೆಯಲ್ಲಿತ್ತು, ಹಣ ಇರಲಿಲ್ಲ. ಲೆಕ್ಕ ಬರೆಯಬಲ್ಲ ಕಚೇರಿ ಸಿಬ್ಬಂದಿಯೊಬ್ಬರನ್ನು ಕಳುಹಿಸಿ. ಬಸ್ಸು, ವಸತಿ ಇವೆರಡನ್ನೂ ಕಚೇರಿಯಿಂದಲೇ ಬ್ಯಾಂಕಿನ ಮೂಲಕ ಪಾವತಿಸಿದರೆ ಅವರ ಕೈಗೆ ಬೇಕಾಗುವುದು ಊಟ, ಔಷಧ, ಊರೊಳಗಿನ ಸಣ್ಣ ಖರ್ಚುಗಳಿಗಷ್ಟೇ. 16 ಜನರಿಗೆ ದಿನಕ್ಕೆ ತಲಾ ₹400ರಂತೆ 4 ದಿನಕ್ಕೆ ₹25,600, ಅನಿರೀಕ್ಷಿತಕ್ಕೆ ₹5,000 ಮುಂಗಡ ಸಾಕು. ಇದನ್ನು ಖರ್ಚಿನ ಖಾತೆಗೆ ಹಾಕದೆ ಅವರ ಹೆಸರಿನ ಮುಂಗಡ ಖಾತೆಯಲ್ಲಿ ಬರೆಯಬೇಕು.

ಹಲವು ಸಂಸ್ಥೆಗಳು ಸೇರಿ ಒಂದೇ ತಂಡ ಕಳುಹಿಸುವಾಗ ಯಾರ ಪಾಲು ಎಷ್ಟೆಂಬುದನ್ನು ಹೊರಡುವ ಮೊದಲೇ ಪತ್ರದಲ್ಲಿ ನಮೂದಿಸಿ. ನಗದು ಬಹುಮಾನ ಬಂದರೆ ಅದು ಆಟಗಾರರದ್ದೋ ಸಂಸ್ಥೆಯದ್ದೋ ಎಂಬುದೂ ಅದರಲ್ಲಿರಲಿ. ಸೋತು ಬಂದಾಗ ಈ ಪ್ರಶ್ನೆ ಏಳುವುದಿಲ್ಲ, ಗೆದ್ದಾಗ ತಪ್ಪದೆ ಏಳುತ್ತದೆ.

ಮರಳಿದ ಮೂರು ದಿನಗಳೊಳಗೆ ವ್ಯವಸ್ಥಾಪಕರು ರಸೀದಿಗಳೊಂದಿಗೆ ಲೆಕ್ಕ ಒಪ್ಪಿಸಿ ಉಳಿದ ಹಣವನ್ನು ಕಟ್ಟಬೇಕು. ವಾರ ಕಳೆದರೆ ಯಾವ ಢಾಬಾದಲ್ಲಿ ಎಷ್ಟಾಯಿತೆಂಬುದು ಯಾರಿಗೂ ನೆನಪಿರುವುದಿಲ್ಲ. ಬಸ್ಸಿನ ಬಿಲ್ಲಿಗೆ ಹೊರಟಾಗಿನ ಮತ್ತು ಮರಳಿದಾಗಿನ ಓಡೊಮೀಟರ್ ಅಂಕಿಗಳನ್ನೂ ಟೋಲಿನ ಫಾಸ್ಟ್ಯಾಗ್ ವಿವರವನ್ನೂ ಲಗತ್ತಿಸಿಕೊಂಡ ನಂತರವೇ ಬಾಕಿ ಪಾವತಿಸಿ. ಕರಾರು, ಪ್ರಯಾಣಿಕರ ಪಟ್ಟಿ, ವಿಮಾ ಪಾಲಿಸಿ, ಬಿಲ್ಲುಗಳು ಒಂದೇ ಕಡತದಲ್ಲಿರಲಿ. ಜಿಎಸ್‌ಟಿ ನಿಯಮದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಅಪಘಾತವೇನಾದರೂ ಆಗಿದ್ದಲ್ಲಿ, ಪ್ರಕರಣ ಅಂತಿಮವಾಗಿ ಇತ್ಯರ್ಥವಾಗುವವರೆಗೆ ಆ ಕಡತವನ್ನು ವಿಲೇವಾರಿ ಮಾಡಕೂಡದು.